ರಾಬಿಯಾ ಬೀವಿಯ ಭಾಷಣ ಮತ್ತು ಕೊರಗಪ್ಪಣ್ಣನ ಪೋಸ್ಟರ್

ಅಕ್ಟೋಬರ್ 12, ಭಾನುವಾರ

ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇವತ್ತಿನವರೆಗೆ ಖಾಲಿ ಇತ್ತು. ವಾಟ್ಸಾಪ್ ಗ್ರೂಪಿನಲ್ಲಿ ಬರೆಯಲಾಗದ್ದನ್ನು ಎಲ್ಲಾದರೂ ಬರೆಯಬೇಕಲ್ಲ, ಅದಕ್ಕೆ ತೆಗೆದಿದ್ದೇನೆ. ಬೀಗ ಹಾಕುವ ಡ್ರಾಯರಿನಲ್ಲಿ ಇಡುವುದು.

ಸುದ್ದಿ ಏನೆಂದರೆ, ನವೆಂಬರ್ 14ರ ಶುಕ್ರವಾರ ನಮ್ಮ ಬ್ಯಾರಿ ಸಂಘದ ವಾರ್ಷಿಕೋತ್ಸವ. ಅದರಲ್ಲಿ ಕುಂಞಮ್ಮದ್ ವಿಟ್ಲ ಎಂಬ ನನಗೆ 'ಸೇವಾರತ್ನ' ಪ್ರಶಸ್ತಿ. ಹದಿನೇಳು ವರ್ಷದಿಂದ ಮಸ್ಕತ್ತಿನಲ್ಲಿ ಮಂದೂಬ್ ಕೆಲಸ ಮಾಡುತ್ತಿದ್ದೇನೆ. ಅಂದರೆ ಕಂಪನಿಯ ಕಾಗದ ಹಿಡಿದು ಸರಕಾರಿ ಕಚೇರಿಗಳ ಕಿಟಕಿಯಿಂದ ಕಿಟಕಿಗೆ ಅಲೆಯುವವನು. ಯಾವ ಮುದ್ರೆ ಎಲ್ಲಿ ಬೀಳುತ್ತದೆ ಎಂದು ಗೊತ್ತಿರುವುದರಿಂದ ಊರಿನವರು ಯಾರಾದರೂ ಇಲ್ಲಿ ತೀರಿಕೊಂಡರೆ ಮೊದಲ ಫೋನ್ ನನಗೇ ಬರುತ್ತದೆ. ಈವರೆಗೆ ಒಂಬತ್ತು ಮಯ್ಯಿತ್, ಅಂದರೆ ಹೆಣ, ಊರಿಗೆ ಕಳಿಸಿದ್ದೇನೆ. ಒಂಬತ್ತರದ್ದೂ ಪೆಟ್ಟಿಗೆಯ ಪಕ್ಕ ನಿಂತ ಫೋಟೋ ಉಂಟು. ಅದೂ ಒಂದು ವಿದ್ಯೆ. ನಗಬಾರದು, ತೀರ ಅಳುಮುಖವೂ ಆಗಬಾರದು, ಕ್ಯಾಮರಾದಿಂದ ಸ್ವಲ್ಪ ಎಡಕ್ಕೆ ನೋಡಬೇಕು.

ಅದೇ ದಿನ ಮಹಿಳಾ ವಿಭಾಗದಲ್ಲಿ ನನ್ನ ಹೆಂಡತಿ ಶಮೀನಾಳ ಭಾಷಣವೂ ಇದೆ. ವಿಷಯ: ಸೂಫಿಗಳಲ್ಲಿ ಮೊದಮೊದಲಿನವರಾದ ಬಸ್ರಾದ ರಾಬಿಯಾ ಬೀವಿಯ ಜೀವನ ಮತ್ತು ಪ್ರಭಾವ. "ನನಗೆ ಹೇಳ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಬರೂದಿಲ್ಲ. ನೀವೇ ಬರ್ದು ಕೊಡಿ" ಎಂದಳು. ರತ್ನಗಳಿಗೆ ಇಂಥ ಕೆಲಸಗಳೂ ಇರುತ್ತವೆ.

ಅಕ್ಟೋಬರ್ 14, ಮಂಗಳವಾರ

ಭಾಷಣ ಒಂದು ಪುಟ ಆಯಿತು. ಬೀವಿ ಹುಟ್ಟಿದ್ದು ಸಾವಿರದ ಮುನ್ನೂರು ವರ್ಷದ ಹಿಂದೆ, ಬಡವರ ಮನೆಯಲ್ಲಿ ನಾಲ್ಕನೆಯ ಹೆಣ್ಣಾಗಿ. ಹುಟ್ಟಿದ ರಾತ್ರಿ ದೀಪಕ್ಕೆ ಎಣ್ಣೆ ಇರಲಿಲ್ಲವಂತೆ. ಅಪ್ಪ ನೆರೆಮನೆಯ ಬಾಗಿಲು ಮುಟ್ಟಿ, ಕೇಳಲಾರದೆ ವಾಪಸು ಬಂದನಂತೆ. ಮುಂದೆ ಅಪ್ಪ ಅಮ್ಮ ಹೋಗಿ, ಬರಗಾಲ ಬಂದು, ಯಾರೋ ಹಿಡಿದು ಬೀವಿಯನ್ನು ಗುಲಾಮಳಾಗಿ ಮಾರಿದರು. ಹಗಲಿಡೀ ದುಡಿದು ಇರುಳಿಡೀ ನಮಾಜು ಮಾಡುತ್ತಿದ್ದರು. ಒಂದು ರಾತ್ರಿ ಯಜಮಾನ ಎದ್ದು ನೋಡಿದರೆ ಅವರ ತಲೆಯ ಮೇಲೆ ಆಸರೆಯಿಲ್ಲದೆ ಒಂದು ದೀಪ. ಬೆಳಿಗ್ಗೆ ಬಿಡುಗಡೆ ಮಾಡಿದ.

ವೀಸಾ ಕೊಟ್ಟ ಧಣಿಗೆ ಇಲ್ಲಿ ಕಫೀಲ್ ಎನ್ನುತ್ತಾರೆ, ಅವನ ಕೈಯಿಂದ ಕೆಲಸ ಬಿಡುವ ರಿಲೀಸ್ ಸಿಗುವುದು ಸುಲಭವಲ್ಲ. ನಾನು ಬದಿಯಲ್ಲಿ ಬರೆದೆ: 'ಕೇಳದೆ ರಿಲೀಸ್ ಕೊಟ್ಟ ಚರಿತ್ರೆಯ ಏಕೈಕ ಕಫೀಲ್.' ಶಮೀನಾ ಅದನ್ನು ಪೆನ್ನಿನಿಂದ ಹೊಡೆದು ಹಾಕಿದಳು. ಹೆಂಗಸರಿಗೆ ಹಾಸ್ಯಪ್ರಜ್ಞೆ ಕಮ್ಮಿ.

ಅಕ್ಟೋಬರ್ 17, ಶುಕ್ರವಾರ

ಹತ್ತನೆಯ ಕೇಸು ಸಿಕ್ಕಿದೆ. ಈ ಸಲ ಜೀವ ಇರುವ ಮನುಷ್ಯ.

ಹೆಸರು ಕೊರಗಪ್ಪ, ಊರು ಸಿದ್ದಕಟ್ಟೆ, ಪ್ರಾಯ ಐವತ್ತೆಂಟು. ದುಕ್ಮ್‌ನ ಒಂದು ಲೇಬರ್ ಕ್ಯಾಂಪಿನ ಮೆಸ್ಸಿನಲ್ಲಿ ಅಡುಗೆಯವರು. ಮೂರು ವಾರದ ಹಿಂದೆ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದಾಗಲೇ ಪಕ್ಷವಾತ ಹೊಡೆದು ಬಿದ್ದರು. ಅಲ್ಲಿಂದ ಮಸ್ಕತ್ತಿನ ಆಸ್ಪತ್ರೆಗೆ ತಂದರು. ಬಲಗೈ ಬಲಗಾಲು ಆಡುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಕಲಿತ ಹಿಂದಿ, ಅರಬಿ, ಮಲಯಾಳ ಎಲ್ಲ ಅಳಿಸಿ ಹೋಗಿ, ಬಾಯಲ್ಲಿ ಉಳಿದದ್ದು ನಾಲ್ಕಾರು ತುಳು ಮಾತು ಮಾತ್ರ. ನರ್ಸುಗಳಿಗೆ ಒಂದೂ ತಿಳಿಯುವುದಿಲ್ಲ. ನಾನು ಹೋಗಿ "ಎಂಚ ಉಲ್ಲರ್ ಕೊರಗಪ್ಪಣ್ಣ?" ಎಂದು, ಅಂದರೆ ಹೇಗಿದ್ದೀರಿ ಎಂದು, ಕೇಳಿದ್ದೇ, ನನ್ನ ಗಡ್ಡ ನೋಡಿ "ಬ್ಯಾರ್ಲೇ...", ಬ್ಯಾರಿಗಳೇ, ಎಂದರು. ಮತ್ತೆ ಅಂದದ್ದು "ಇಲ್ಲಡೆ ಪೋವೊಡು." ಮನೆಗೆ ಹೋಗಬೇಕು. ಅಷ್ಟೇ, ಹತ್ತು ಸಲ.

ಅಷ್ಟರಲ್ಲಿ ನಮ್ಮ ಅಧ್ಯಕ್ಷ ತೌಸೀಫ್ ಬ್ಯಾನರ್ ಸಮೇತ ಬಂದ. ಅವನ ಹಿಂದೆಯೇ ತುಳು ಸಂಘದ ಹರ್ಷಿತ್, ಇನ್ನೊಂದು ಬ್ಯಾನರ್ ಸಮೇತ. ಕೊರಗಪ್ಪಣ್ಣ ತುಳುವರಾದ್ದರಿಂದ ತಮ್ಮವರು ಎಂದು ಅವರು, ಮೊದಲು ನೋಡಿದ್ದು ನಾವು ಎಂದು ಇವರು. ಕೊನೆಗೆ ಮಂಚದ ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಬ್ಯಾನರ್ ಎಂದು ರಾಜಿಯಾಯಿತು. ಕ್ಯಾಮರಾ ಎತ್ತಿದ ಕೂಡಲೇ ಕೊರಗಪ್ಪಣ್ಣ ಎಡಗೈಯಿಂದ ಹೊದಿಕೆ ಎಳೆದು ಮುಖ ಮುಚ್ಚಿಕೊಂಡರು. ಬಾಯಿಯ ಒಂದು ಬದಿಯಿಂದ ಜೊಲ್ಲು ಸುರಿಯುತ್ತಿತ್ತು, ನಾಚಿಕೆ ಆಗಿರಬೇಕು.

ಫೋಟೋ ಹಾಳಾಯಿತು. ಹೊದಿಕೆ ಸರಿಸಿ ಇನ್ನೊಂದು ತೆಗೆಯುವ ಎಂದ ತೌಸೀಫ್. ವಿಸಿಟಿಂಗ್ ಟೈಮ್ ಮುಗಿಯಿತು ಎಂದೆ ನಾನು. ಇನ್ನೂ ಇಪ್ಪತ್ತು ನಿಮಿಷ ಇತ್ತು. ನನಗೆ ಹಸಿವಾಗಿತ್ತು, ಅದಕ್ಕೆ.

ಅಕ್ಟೋಬರ್ 20, ಸೋಮವಾರ

ಭಾಷಣದ ಎರಡನೇ ಪುಟ. ಬೀವಿ ಒಂದು ಕೈಯಲ್ಲಿ ಬೆಂಕಿ, ಇನ್ನೊಂದು ಕೈಯಲ್ಲಿ ನೀರು ಹಿಡಿದು ಬಸ್ರಾದ ಬೀದಿಯಲ್ಲಿ ಓಡಿದರಂತೆ. ಯಾಕೆ ಎಂದು ಕೇಳಿದವರಿಗೆ, ಸ್ವರ್ಗಕ್ಕೆ ಬೆಂಕಿ ಹಚ್ಚಿ ನರಕಕ್ಕೆ ನೀರು ಸುರಿಯಲು ಹೋಗುತ್ತಿದ್ದೇನೆ ಎಂದರಂತೆ. ಆಸೆ, ಹೆದರಿಕೆ ಎರಡೂ ಹೋದ ಮೇಲೆ ಯಾರು ದೇವರನ್ನು ಪ್ರೀತಿಸುತ್ತಾರೆ ನೋಡೋಣ ಎಂದು.

ಬಹಳ ದೊಡ್ಡ ಮಾತು, ಒಪ್ಪಿದೆ. ಆದರೆ ಇದು ಜಾರಿಗೆ ಬಂದರೆ ನಮ್ಮ ಸಂಘ ಮಾರನೆಯ ದಿನವೇ ಬಾಗಿಲು ಹಾಕಬೇಕಾಗುತ್ತದೆ. ಸ್ವರ್ಗ ಬಿಡಿ, ವೇದಿಕೆಯಲ್ಲಿ ಕುರ್ಚಿ ಇಲ್ಲ ಎಂದರೆ ನಮ್ಮಲ್ಲಿ ರಕ್ತದಾನಕ್ಕೂ ಯಾರೂ ಬರುವುದಿಲ್ಲ. ಇದನ್ನು ಶಮೀನಾಳಿಗೆ ಓದಿ ಹೇಳಿದೆ. ಅವಳು ಮೀನು ಹೆಚ್ಚುತ್ತಾ ಕೇಳಿದಳು: "ನೀವು ಫೋಟೋ ತೆಗೀದೆ ಒಬ್ಬರನ್ನಾದ್ರೂ ಕಳ್ಸಿದ್ದುಂಟಾ?"

"ಫೋಟೋ ನೋಡಿ ನಾಲ್ಕು ಜನಕ್ಕೆ ಪ್ರೇರಣೆ ಆಗ್ತದೆ ಮಾರಾಯ್ತಿ."

"ನಾಲ್ಕು ಜನಕ್ಕೆ ಎಂತ ಪ್ರೇರಣೆ ಆಯ್ತು?"

ಫೋಟೋ ತೆಗೆಸಿಕೊಳ್ಳುವ ಪ್ರೇರಣೆ ಆಯಿತು ಎಂಬುದು ಸತ್ಯ. ಅಂಜಲ್ ಮೀನಿನ ಸಾರು ಮಾತ್ರ ಚೆನ್ನಾಗಿತ್ತು.

ಅಕ್ಟೋಬರ್ 25, ಶನಿವಾರ

ಆಗಬಾರದ್ದು ಆಗಿದೆ. ಬೇಗ ಬರೆದು ಮುಗಿಸುತ್ತೇನೆ.

ಕೊರಗಪ್ಪಣ್ಣನನ್ನು ಊರಿಗೆ ಕಳಿಸುವುದು ಎಂದು ನಿನ್ನೆ ತೀರ್ಮಾನವಾಯಿತು. ತುಳು ಸಂಘದವರಿಗಿಂತ ಮೊದಲು ನಮ್ಮ ಪೋಸ್ಟರ್ ಹೋಗಬೇಕು ಎಂದು ತೌಸೀಫ್ ಅವಸರ ಮಾಡಿದ. ನನ್ನ ಫೋನಿನಲ್ಲಿ ಒಂಬತ್ತು ಸಲ ಬಳಸಿದ ಪೋಸ್ಟರಿನ ನಮೂನೆ ಇತ್ತು. ನಮ್ಮವರಿಗಾದರೆ ಮಿನಾರ, ಉಳಿದವರಿಗೆ ಉರಿಯುವ ದೀಪ. ದೀಪದ್ದನ್ನು ತೆಗೆದು, ನಡುವಿನ ವೃತ್ತದಲ್ಲಿ ಪಾಸ್‌ಪೋರ್ಟ್ ಫೋಟೋ ಕೂರಿಸಿ, 'ಕೊರಗಪ್ಪಣ್ಣನ ಪ್ರಯಾಣ ಸುಖಕರವಾಗಲಿ, ಎಲ್ಲರೂ ಪ್ರಾರ್ಥಿಸಿ' ಎಂದು ಬರೆದು, ಕೆಳಗೆ 'ಕುಂಞಮ್ಮದ್ ವಿಟ್ಲ' ಎಂದು ದಪ್ಪಕ್ಷರದಲ್ಲಿ ಹಾಕಿ ಹದಿನಾಲ್ಕು ಗ್ರೂಪಿಗೆ ಬಿಟ್ಟೆ. ಫೋಟೋ ಕಪ್ಪುಬಿಳುಪಾಗಿಯೇ ಬರುವ ನಮೂನೆ ಅದು. ಹಿಂದೆ ಮುಳುಗುವ ಸೂರ್ಯ.

ನಮ್ಮ ಜನ ಓದುವುದಿಲ್ಲ, ನೋಡುತ್ತಾರೆ. ಮೊದಲ ನಿಮಿಷದಲ್ಲೇ ಹನ್ನೊಂದು 'ಓಂ ಶಾಂತಿ'. ಪೋಸ್ಟರ್ ಮಾಡಿಸಿದ ತೌಸೀಫನೇ 'ತುಂಬಲಾರದ ನಷ್ಟ' ಎಂದು ಹಾಕಿದ.

ಅರ್ಧ ಗಂಟೆಯಲ್ಲಿ ಅದು ಸಿದ್ದಕಟ್ಟೆ ಮುಟ್ಟಿತು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರಂತೆ. ಮಗಳು ಅಕ್ಷಿತಾ ಮೂಡಬಿದ್ರೆಯ ಅಂಗಡಿಯಿಂದ ಕೆಲಸ ಬಿಟ್ಟು ಓಡಿ ಬಂದಳಂತೆ. ಹೆಂಡತಿ ಸುಂದರಿಯ ಕರಿಮಣಿ ತೆಗೆಯುವುದೋ ಪೆಟ್ಟಿಗೆ ಬರುವ ತನಕ ಕಾಯುವುದೋ ಎಂದು ಹಿರಿಯರು ಚರ್ಚೆ ಮಾಡುವಾಗ, ಕೊರಗಪ್ಪಣ್ಣ ಬದುಕಿದ್ದಾರೆ ಎಂದು ಹರ್ಷಿತ್‌ನ ಫೋನ್ ಹೋಯಿತು. ವೀಡಿಯೋ ಕಾಲ್ ಮಾಡಿ ಕೊರಗಪ್ಪಣ್ಣನನ್ನು ತೋರಿಸಿದರೂ ಆ ಹೆಂಗಸು ನಂಬಲಿಲ್ಲ. "ಹಳೇ ವೀಡಿಯೋ ತೋರಿಸ್ತೀರಿ. ಅವ್ರನ್ನ ನಾನು ಕೈಯಲ್ಲಿ ಮುಟ್ಟಿ ನೋಡ್ಬೇಕು. ಅಷ್ಟರ ತನಕ ಯಾರೂ ಮಾತಾಡ್ಬೇಡಿ" ಎಂದಳಂತೆ. ಅನ್ನ ಬಿಟ್ಟಿದ್ದಾಳೆ, ಬರೀ ಚಹಾದಲ್ಲಿ ಇದ್ದಾಳಂತೆ.

ತಪ್ಪು ನಮೂನೆಯದ್ದು. ಬಣ್ಣದ ಫೋಟೋ ಹಾಕಲು ಬಿಡದ ಆ ಆ್ಯಪಿನದ್ದು. ಓದದೆ ಶಾಂತಿ ಕೋರುವ ಜನರದ್ದು.

ಅಕ್ಟೋಬರ್ 26, ಭಾನುವಾರ

ನನ್ನದು.

ಅಕ್ಟೋಬರ್ 29, ಬುಧವಾರ

ಸುಂದರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕು ಎಂದು ಮೂರು ಸಲ ನಂಬರ್ ಒತ್ತಿದೆ. ನೆಟ್‌ವರ್ಕ್ ಸರಿ ಇರಲಿಲ್ಲ. ಅಂದರೆ ಸರಿ ಇತ್ತು. ವಿಷಯವೆಲ್ಲ ಹರ್ಷಿತ್ ಮೂಲಕವೇ ಹೋಗಲಿ ಎಂದು ಬಿಟ್ಟೆ.

ಈಗ ದಿನಾ ಆಫೀಸು ಬಿಟ್ಟು ಆಸ್ಪತ್ರೆಗೆ ಹೋಗುತ್ತೇನೆ. ಡಾಕ್ಟರಿಗೆ ತುಳು ಬಾರದ ಕಾರಣ ಬೇರೆ ದಾರಿಯಿಲ್ಲ. ನಾವಿರುವ ಅಲ್ ಮಬೇಲಾದಿಂದ ಹೋಗಿ ಬರಲು ಟ್ರಾಫಿಕ್‌ನಲ್ಲಿ ಎರಡು ಗಂಟೆ. ಪೆಟ್ರೋಲ್, ಸಮಯ, ಸೊಂಟನೋವು ಎಲ್ಲ ನನ್ನದು. ಪ್ರಶಸ್ತಿ ಪತ್ರದಲ್ಲಿ ಇದನ್ನು ಒಂದು ಸಾಲಾಗಿ ಸೇರಿಸಬಹುದಿತ್ತು, ತೌಸೀಫನಿಗೆ ಹೇಳಲು ಮರೆತೇ ಹೋಯಿತು.

ನವೆಂಬರ್ 2, ಭಾನುವಾರ

ಆಸ್ಪತ್ರೆಯಲ್ಲಿ ಮಾತಿಗೆ ವಿಷಯ ಸಾಕಾಗುವುದಿಲ್ಲ. ಹವೆ, ಊಟ, ಮತ್ತೆ ಹವೆ. ಇವತ್ತು ಬೇರೇನೂ ತೋಚದೆ ಕಿಸೆಯಲ್ಲಿದ್ದ ಭಾಷಣವನ್ನೇ ತುಳುವಿನಲ್ಲಿ ಹೇಳಿದೆ. ಬೀವಿಯ ಮನೆಯಲ್ಲಿ ಇದ್ದದ್ದು ಒಡೆದ ಒಂದು ಹೂಜಿ, ಒಂದು ಚಾಪೆ, ತಲೆಗಿಡಲು ಒಂದು ಇಟ್ಟಿಗೆ ಎಂದೆ. ಒಂದು ದಿನ ಗಂಜಿಯಂಥದ್ದೇನೋ ಬೇಯುತ್ತಿತ್ತು, ನೀರುಳ್ಳಿ ಇರಲಿಲ್ಲ. ಆಳು ಹೆಂಗಸು ನೆರೆಯಲ್ಲಿ ಕೇಳಿ ತರುತ್ತೇನೆ ಎಂದರೆ ಬೀವಿ ಬೇಡ ಎಂದರು. ಆಗ ಹಾರುವ ಹಕ್ಕಿಯೊಂದು ಸಿಪ್ಪೆ ತೆಗೆದ ನೀರುಳ್ಳಿಯನ್ನೇ ಪಾತ್ರೆಗೆ ಹಾಕಿ ಹೋಯಿತು. ಬೀವಿಗೆ ಅದರ ಮೇಲೂ ಸಂಶಯ. ಇದು ನನಗೆ ಹಾಕಿದ ಗಾಳವಿರಬಹುದು ಎಂದು ಪಾತ್ರೆಯನ್ನೇ ಮುಟ್ಟದೆ ಒಣ ರೊಟ್ಟಿ ತಿಂದರಂತೆ.

ಕೊರಗಪ್ಪಣ್ಣ ಅಡುಗೆಯವರಲ್ಲವೇ. ಕಣ್ಣು ಅಗಲ ಮಾಡಿ ಕೇಳಿದರು. ಆಮೇಲೆ ಸೆಟೆದ ಬಾಯಲ್ಲೇ "ಪಕ್ಕಿ... ಚೋಲಿ ದೆತ್ತ್‌ದ್?" ಎಂದು ಕೇಳಿದರು. ಹಕ್ಕಿ, ಸಿಪ್ಪೆ ತೆಗೆದು ಕೊಟ್ಟಿತಾ? ಇನ್ನೂರು ಜನರ ಮೆಸ್ಸಿಗೆ ದಿನಾ ಮೂಟೆಗಟ್ಟಲೆ ನೀರುಳ್ಳಿ ಸುಲಿದ ಮನುಷ್ಯನಿಗೆ ಪವಾಡ ಕಂಡದ್ದು ಅಲ್ಲಿ. ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು, ಆದರೆ ಹೊಟ್ಟೆಯೆಲ್ಲ ಕುಣಿಯಿತು. ನನಗೂ ನಗು ತಡೆಯಲಿಲ್ಲ. ನರ್ಸ್ ಬಂದು ಇಬ್ಬರಿಗೂ ಗದರಿದಳು.

'ಪ್ರಭಾವ' ಎಂಬ ಭಾಗಕ್ಕೆ ಪರ್ಷಿಯಾ, ತುರ್ಕಿ ಎಂದೆಲ್ಲ ಹುಡುಕಿ ಬರೆದಿದ್ದೆ. ಬಸ್ರಾದ ಕಥೆಗೆ ಸಿದ್ದಕಟ್ಟೆಯವರೊಬ್ಬರು ಹೀಗೆ ನಗುತ್ತಾರೆ ಎಂದು ಯಾರೂ ಎಲ್ಲಿಯೂ ಬರೆದಿರಲಿಲ್ಲ.

ಫೋಟೋಗೆ ಒಳ್ಳೆಯ ಸಂದರ್ಭವಾಗಿತ್ತು. ಬೆಳಕು ಸಾಲದು ಎನ್ನಿಸಿತು.

ನವೆಂಬರ್ 9, ಭಾನುವಾರ

ಕಾಗದಗಳೆಲ್ಲ ಮುಗಿದವು. ಕಂಪನಿ ವೀಸಾ ರದ್ದು ಮಾಡಿದೆ. ಪ್ರಯಾಣ ಮಾಡಬಹುದು ಎಂಬ ಡಾಕ್ಟರ ಪತ್ರ ಹತ್ತು ದಿನಕ್ಕೆ ಮಾತ್ರ ಚಾಲ್ತಿ. ಅದರೊಳಗೆ ರೋಗಿಯನ್ನು ಒಯ್ಯಲು ವಿಮಾನ ಕಂಪನಿ ಒಪ್ಪಿದ್ದು ಒಂದೇ ದಿನಕ್ಕೆ. ಶುಕ್ರವಾರ, 14. ಡಾಕ್ಟರು ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: ರೋಗಿಯ ಭಾಷೆ ಬಲ್ಲವರೊಬ್ಬರು ಜೊತೆಗಿರಬೇಕು, ಇಲ್ಲದಿದ್ದರೆ ಹತ್ತಿಸುವುದಿಲ್ಲ.

ಹರ್ಷಿತ್ ಹೋಗುತ್ತಾನೆ. ಅವರ ಸಂಘ, ಅವರ ಭಾಷೆ, ಅವರ ಬ್ಯಾನರ್. ಹೋಗಲಿ. ನಾನು ಹೊಸ ಕೋಟು ಹೊಲಿಸಿದ್ದೇನೆ.

ನವೆಂಬರ್ 12, ಬುಧವಾರ

ಹರ್ಷಿತ್‌ಗೆ ರಜೆ ಸಿಗಲಿಲ್ಲ. "ಕಾಕ, ನಾನು ಮ್ಯಾನೇಜರ್ ಕಾಲು ಹಿಡಿದೆ. ಆಡಿಟ್ ಉಂಟು, ಹೋದ್ರೆ ವಾಪಸ್ ಬರ್ಬೇಡ ಅಂದ್ರು" ಎಂದು ಅಳುವುದೊಂದು ಬಾಕಿ. ತುಳು ಬಲ್ಲ ಇನ್ನೂ ಆರು ಜನಕ್ಕೆ ಫೋನ್ ಮಾಡಿದೆ. ಪೋಸ್ಟರಿಗೆ 'ಓಂ ಶಾಂತಿ' ಹಾಕಲು ಪುರುಸೊತ್ತಿದ್ದ ಆರೂ ಜನರಿಗೆ ಶುಕ್ರವಾರ ಭಯಂಕರ ಕೆಲಸ.

ತೌಸೀಫನನ್ನು ಕೇಳಿದೆ. "ಕಾಕ, ಮುಂದಿನ ತಿಂಗಳು ಹೊಸ ಲೆಟರ್ ಮಾಡಿಸಿ ಕಳ್ಸುವ. ಜೀವಕ್ಕೇನೂ ಅಪಾಯ ಇಲ್ಲ ಅಲ್ವಾ? ಮಂಗಳೂರಿಂದ ಗೆಸ್ಟ್ ಬರ್ತಿದಾರೆ. ನೀವಿಲ್ಲದಿದ್ರೆ ರತ್ನ ಯಾರಿಗೆ ಕೊಡೂದು?"

"ಅಲ್ಲಿ ಅವರ ಹೆಂಡತಿ ಊಟ ಬಿಟ್ಟಿದ್ದಾಳೆ ತೌಸೀಫ್."

"ನಾವು ವೀಡಿಯೋ ಕಾಲ್ ಮಾಡ್ಸಿದ್ದೇವಲ್ಲ!"

ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಒಂದು ತಿಂಗಳು ಏನು ಮಹಾ.

ನವೆಂಬರ್ 13, ಗುರುವಾರ

ನಾಳೆ ನಾನು ಹೋಗುತ್ತಿದ್ದೇನೆ. ಇದರಲ್ಲಿ ದೊಡ್ಡದೇನೂ ಇಲ್ಲ. ಹೇಗೂ ಊರಿಗೆ ಹೋಗದೆ ವರ್ಷವಾಯಿತು, ವಿಟ್ಲದಲ್ಲಿ ಹಲ್ಲಿನ ಡಾಕ್ಟರನ್ನೂ ನೋಡುವುದಿದೆ. ತೌಸೀಫನಿಗೆ ಹಲ್ಲುನೋವು ಎಂದೇ ಹೇಳಿದೆ. ವಿಮಾನ ಎಷ್ಟು ಗಂಟೆಗೆ ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಏರ್‌ಪೋರ್ಟಿನಲ್ಲಿ ಎರಡೂ ಬ್ಯಾನರ್ ಬಂದು ನಿಲ್ಲುತ್ತಿದ್ದವು. ನನಗೆ ಗದ್ದಲ ಆಗುವುದಿಲ್ಲ.

ಸುಂದರಿಯ ಮನೆಗೆ 'ಒಬ್ಬರು ಜೊತೆಗೆ ಬರ್ತಾರೆ' ಎಂದಷ್ಟೇ ತಿಳಿಸು, ಹೆಸರು ಬೇಡ ಎಂದು ಹರ್ಷಿತ್‌ಗೆ ಹೇಳಿದ್ದೇನೆ. ಹೆಸರು ಕೇಳಿದರೆ ಅಂಗಳದಲ್ಲೇ ಪೊರಕೆ ಹಿಡಿದು ನಿಂತಾಳು.

ಶಮೀನಾ ನನ್ನ ಬ್ಯಾಗಿಗೆ ಬಟ್ಟೆ ತುಂಬಿದಳು. ಕೋಟನ್ನು ವಾಪಸು ಕಪಾಟಿನಲ್ಲಿ ತೂಗುಹಾಕಿದಳು. ನಾನು ಬರೆದ ಎಂಟು ಪುಟದ ಭಾಷಣದಲ್ಲಿ ಐದು ಪುಟ ತೆಗೆದು ಹಾಕಿದ್ದಾಳೆ. ಹೋದದ್ದೆಲ್ಲ ನನಗೆ ಬಹಳ ಇಷ್ಟವಾದ ಪುಟಗಳು. "ನೀರುಳ್ಳಿ ಕಥೆಗೆ ಆ ಅಣ್ಣ ನಕ್ಕದ್ದನ್ನ ಹೇಳ್ತೇನೆ. ಹೆಸರು ಹೇಳೂದಿಲ್ಲ" ಎಂದಳು. ಆಮೇಲೆ, "ನಿಮ್ಮದೂ ಹೇಳೂದಿಲ್ಲ" ಎಂದಳು. ನಗುತ್ತಿದ್ದಳು. ಈ ಹೆಂಗಸು ಯಾವಾಗ ಹೊಗಳುತ್ತಾಳೆ ಯಾವಾಗ ಚುಚ್ಚುತ್ತಾಳೆ ಎಂದು ಇಪ್ಪತ್ತೆರಡು ವರ್ಷವಾದರೂ ಗೊತ್ತಾಗಿಲ್ಲ.

ನವೆಂಬರ್ 15, ಶನಿವಾರ, ವಿಟ್ಲ

ನಿನ್ನೆಯದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ವಿಮಾನದಲ್ಲಿ ಕೊರಗಪ್ಪಣ್ಣ ನನ್ನ ಬೆರಳು ಹಿಡಿದ ಕೈ ಮಂಗಳೂರಿನ ಬಜಪೆ ಏರ್‌ಪೋರ್ಟ್ ಬರುವ ತನಕ ಬಿಡಲಿಲ್ಲ. ಮೂರು ಗಂಟೆ ಬೆರಳು ಜೋಮು ಹಿಡಿದು, ಕೊಟ್ಟ ಉಪ್ಪಿಟ್ಟನ್ನೂ ತಿನ್ನಲಾಗಲಿಲ್ಲ. ಎರಡು ಸಲ ಬಾಯಿ ಒರೆಸಿದೆ, ಒಂದು ಸಲ ಬಟ್ಟೆ ಬದಲಾಯಿಸಿದೆ. ಗಗನಸಖಿ "ನಿಮ್ಮ ಅಣ್ಣನಾ ಸರ್?" ಎಂದು ಕೇಳಿದಳು. ವಿವರಿಸಲು ಹೋದರೆ ಉದ್ದವಾಗುತ್ತದೆ ಎಂದು ಹೌದು ಎಂದೆ.

ಸಿದ್ದಕಟ್ಟೆಗೆ ಮುಟ್ಟುವಾಗ ಸಂಜೆ ಆರು. ಅಂಗಳದಲ್ಲಿ ಹತ್ತಿಪ್ಪತ್ತು ಜನ. ಸುಂದರಿ ಸಣ್ಣ ಜೀವ, ಇನ್ನೂ ಸಣ್ಣಗಾಗಿದ್ದಳು. ಆಂಬುಲೆನ್ಸಿನ ಬಾಗಿಲು ತೆರೆದಾಗ ಅವಳು ಅಳಲಿಲ್ಲ, ಓಡಿ ಬರಲೂ ಇಲ್ಲ. ನಿಧಾನಕ್ಕೆ ಬಂದು ಗಂಡನ ಹಣೆ ಮುಟ್ಟಿದಳು. ಕೆನ್ನೆ ಮುಟ್ಟಿದಳು. ಆಡುವ ಕೈ, ಆಡದ ಕೈ, ಎರಡನ್ನೂ ಮುಟ್ಟಿದಳು. ಕೊನೆಗೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದಳು. ಕೊರಗಪ್ಪಣ್ಣ "ಸುಂದರೀ" ಎಂದರು. ಏಳು ವಾರದಲ್ಲಿ ಅವರು ತೊದಲದೆ ಹೇಳಿದ ಮೊದಲ ಮಾತು ಅದು. ಅಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ. ಅಂಗಳದ ಆಚೆ ಬದಿಗೆ ಹೋಗಿ ನಿಂತೆ.

ಚಾವಡಿಯಲ್ಲಿ ಅವರನ್ನು ಮಲಗಿಸಿದ ಮೇಲೆ ಸುಂದರಿ ಗಂಜಿ ತಂದಳು. ನನ್ನನ್ನು ಅವಳು ಆಸ್ಪತ್ರೆಯ ಕಡೆಯವನೆಂದು ತಿಳಿದಿದ್ದಳು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಅಣ್ಣ. ದೇವ್ರು ನಿಮ್ಮನ್ನ ಚೆನ್ನಾಗಿಡ್ಲಿ. ಆದ್ರೆ ಆ ಪೋಸ್ಟರ್ ಹಾಕಿದವ ಉಂಟಲ್ಲ, ವಿಟ್ಲದ ಬ್ಯಾರಿ, ಅವ ಸಿಕ್ಬೇಕು ನನ್ಗೆ. ಕರಿಮಣಿಗೆ ಕೈ ಹಾಕಿದ್ರು ಇವ್ರೆಲ್ಲ. ನಾನೇ ಹಿಡ್ಕೊಂಡು ಕೂತೆ. ಇಪ್ಪತ್ತು ದಿನ ನಾನು ವಿಧವೆಯೋ ಅಲ್ವೋ ಅಂತ ನನ್ಗೇ ಗೊತ್ತಿರ್ಲಿಲ್ಲ" ಎಂದಳು.

ಅಕ್ಷಿತಾ "ಸಾಕಮ್ಮ" ಎಂದಳು. ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಚಹಾ ಕುಡಿದು, ಅವಳ ಉಪಕಾರದ ಮಾತನ್ನು ಕಟ್ಟಿಕೊಂಡು ವಿಟ್ಲಕ್ಕೆ ಬರಬಹುದಿತ್ತು. ನನ್ನ ಹೆಸರನ್ನು ಎಲ್ಲಿ ದಪ್ಪಕ್ಷರದಲ್ಲಿ ಹಾಕಬೇಕು ಎಂದು ನನಗೆ ಕಲಿಸಬೇಕಾಗಿಲ್ಲ, ಆದರೆ ಅಲ್ಲಿ ಅದು ಬಾಯಿಂದ ಹೊರಡಲು ಬಹಳ ಹೊತ್ತು ಹಿಡಿಯಿತು.

"ಅದು ನಾನೇ ಅಕ್ಕ. ಕುಂಞಮ್ಮದ್. ವಿಟ್ಲ."

ಸುಂದರಿ ನನ್ನನ್ನು ನೋಡಿದಳು. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಗಂಡನ ಬಾಯಿಗೆ ಚಮಚ ಹಿಡಿದಳು. ಗಂಜಿ ಕೆನ್ನೆಯ ಮೇಲೆ ಚೆಲ್ಲಿತು. ಇನ್ನೊಮ್ಮೆ ಹಿಡಿದಳು, ಅದೂ ಚೆಲ್ಲಿತು. ಅವರ ತಲೆ ಬಲಕ್ಕೆ ವಾಲುತ್ತದೆ, ಹಿಂದಿನಿಂದ ಒಬ್ಬರು ಹಿಡಿದುಕೊಂಡೇ ಉಣಿಸಬೇಕು. ಮೂರು ವಾರದಿಂದ ನಾನು ಹಾಗೇ ಉಣಿಸುತ್ತಿದ್ದೆ, ಅವಳಿಗೆ ಹೇಗೆ ಗೊತ್ತಿರಬೇಕು.

"ಎಂತ ನೋಡ್ತಾ ನಿಂತಿದ್ದೀರಿ?" ಎಂದಳು, ನನ್ನ ಮುಖ ನೋಡದೆ. "ಬನ್ನಿ, ತಲೆ ಹಿಡ್ಕೊಳ್ಳಿ."

ಹೋಗಿ ಮಂಚದ ತಲೆಯ ಕಡೆ ಕುಳಿತು ಎರಡೂ ಕೈಯಲ್ಲಿ ತಲೆ ಹಿಡಿದೆ. ಕಿಸೆಯಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಮಸ್ಕತ್ತಿನಲ್ಲಿ ಪ್ರಶಸ್ತಿಯ ಹೊತ್ತು, ತೌಸೀಫನೇ ಇರಬೇಕು. ಅದು ನಿಂತಿತು, ಮತ್ತೆ ಶುರುವಾಯಿತು. ಕೈ ಬಿಟ್ಟರೆ ತಲೆ ವಾಲುತ್ತಿತ್ತು. ಕೊರಗಪ್ಪಣ್ಣ ಬಟ್ಟಲಿನ ಗಂಜಿಯನ್ನು ಪೂರ್ತಿ ಉಂಡರು. ಆಮೇಲೆ ಸುಂದರಿ ಅದೇ ಬಟ್ಟಲಿನಲ್ಲಿ ತನಗೆ ಗಂಜಿ ಹಾಕಿಕೊಂಡು, ಅಲ್ಲೇ ಮಂಚದ ಬುಡದಲ್ಲಿ ಕುಳಿತು ಉಂಡಳು.